ರಾಜಮುದ್ರೆಯ ಬೀಡು

ಅಚ್ಚಿಗೆ ಹೊಯ್ದ ಬೀಡಿಗೂ ಬಡಿಯುವ ಕಬ್ಬಿಣಕ್ಕೂ ಭೇದ ಗೊತ್ತಿಲ್ಲದವರು ನೇಗಿಲ ಕುಳದ ಮೇಲೆ ಭಾಷಣ ಮಾಡಬಾರದು. ಮಾಡಿದರು. ಅದರ ಸಂಕಟ ಉಂಡವರು ನಾವು.

ನಮ್ಮದು ಮಸ್ಕಿಯಲ್ಲಿ ಕಂಬಾರರ ಮನೆ. ಯಜಮಾನರು ಸುತ್ತಿಗೆ ಹಿಡಿದರೆ ತಿದಿ ಒತ್ತುವವಳು ನಾನು. ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, ಮುಂಗಾರಿಗೆ ಮುಂಚೆ, ಲಿಂಗಸುಗೂರಿನ ಕಡೆಯಿಂದ ಒಂದು ಬಂಡಿ ಬಂತು. ಅದರಲ್ಲಿ ಯಾವುದೋ ಹಳೇ ಸರಕಾರಿ ಕಟ್ಟಡದ ಬಾಗಿಲ ಮೇಲಿಂದ ಇಳಿಸಿದ ರಾಜಮುದ್ರೆ. ಮೇಲೆ ಕಿರೀಟ, ಎರಡೂ ಬದಿಗೆ ಹುಲಿಯೋ ಸಿಂಹವೋ, ಕೆಳಗೆ ಉರ್ದು ಅಕ್ಷರದ ಪಟ್ಟಿ. ಬಂಡಿಯ ಹಿಂದೆ ಒಬ್ಬ ಮುಖಂಡ, ಆತನ ಹಿಂದೆ ಅರ್ಧ ಊರು. ರಾಜನ ಗುರುತು ರೈತನ ಕುಳವಾಗಲಿ ಎಂದು ಆತ ದಾರಿಯುದ್ದಕ್ಕೂ ಸಾರಿಕೊಂಡು ಬಂದಿದ್ದ. ಮಾತೇನೋ ಚಂದವೇ ಇತ್ತು.

ಯಜಮಾನರು ಮುದ್ರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕುಲುಮೆಗೆ ಯಾವ ಕಬ್ಬಿಣ ಬಂದರೂ, ಮುರುಕು ಕುಡುಗೋಲೇ ಆಗಲಿ, ನಮ್ಮವರು ಹಾಗೆ ಮಾಡಿಯೇ ಕೆಲಸಕ್ಕೆ ಕೂಡುವುದು. ಆಮೇಲೆ ಸಣ್ಣ ಸುತ್ತಿಗೆಯಿಂದ ಬಡಿದು, ದನಿ ಕೇಳಿ ನೋಡಿದರು.

"ಸಾಹೇಬ್ರ, ಇದು ಬೀಡ್ರೀ. ಕರಗಿಸಿ ಅಚ್ಚಿಗೆ ಹೊಯ್ದದ್ದು. ಕಾಸಿ ಬಡದ್ರ ಚೂರಾಗ್ತದ. ಕುಳ ಆಗೂದಿಲ್ರೀ."

ಮುಖಂಡನ ಮುಖ ಕೆಂಪಾಯಿತು. "ಮೊದ್ಲ ಅದಕ್ಕ ಕೈ ಮುಗದಿ, ಈಗ ಬಡಿಯೂದಿಲ್ಲ ಅಂತಿ. ನಿಜಾಮ ಹೋದ್ರೂ ನಿನ್ನ ನಿಯತ್ತು ಹೋಗಿಲ್ಲಲೇ!"

ಆ ಕಾಲದಲ್ಲಿ ಅಂಥ ಮಾತೆಂದರೆ ಮನೆಗೆ ಕೊಳ್ಳಿ ಇಟ್ಟಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಂಜೆಯೊಳಗೆ ಯಜಮಾನರು ನಿಜಾಮನ ಮನುಷ್ಯರಾಗಿಬಿಟ್ಟರು. ಮೊನೆ ಬಡಿಸಲು ಬಿಟ್ಟುಹೋಗಿದ್ದ ಕುಳಗಳನ್ನು ರೈತರು ಒಬ್ಬೊಬ್ಬರಾಗಿ ಬಂದು ಒಯ್ದರು, ಮುಖ ಎತ್ತಿ ನೋಡಲಿಲ್ಲ. ಬಿತ್ತಿಗೆಯ ಮುಂಚಿನ ದಿನಗಳಲ್ಲಿ ಕುಲುಮೆ ತಣ್ಣಗೆ ಬಿದ್ದರೆ ಕಂಬಾರನ ಮನೆ ವರ್ಷವಿಡೀ ಏನು ಉಣ್ಣಬೇಕು? ನಾನು ಬೀದಿಯಲ್ಲಿ ನಿಂತು ಬೈದೆ. "ನಿಮ್ಮ ಅಪ್ಪಂದಿರ ನೇಗಿಲಿಗೆ ಕುಳ ಬಡದ ಮನಿ ಇದು. ನಿಜಾಮಗ ಏನ್ ಬಡದು ಕೊಟ್ಟೈತಿ, ಹೇಳ್ರಿ!" ಯಜಮಾನರೇ ಬಂದು ನನ್ನನ್ನು ಒಳಗೆ ಕರೆದೊಯ್ದರು.

ಸಂತೆಯ ದಿನ ಮುಖಂಡ ಜನರನ್ನು ಕಟ್ಟಿಕೊಂಡು ಮತ್ತೆ ಬಂದ, ಬಡಿಯಲೇಬೇಕು ಅಂದ. ಯಜಮಾನರು ಕುಲುಮೆಯಲ್ಲೇ ಬಿದ್ದಿದ್ದ ಮುದ್ರೆಯನ್ನು ಕೆಂಡದಲ್ಲಿಟ್ಟರು. ನಾನು ಹಲ್ಲು ಕಚ್ಚಿಕೊಂಡು ತಿದಿ ಒತ್ತಿದೆ. ಕೆಂಪಾದ ಮೇಲೆ ಒಂದೇ ಏಟು. ಕಿರೀಟ ಒಂದು ಕಡೆ, ಹುಲಿಯ ತಲೆ ಒಂದು ಕಡೆ ಬಿತ್ತು. ಈಗಾದರೂ ಇವರಿಗೆ ನಾಚಿಕೆಯಾದೀತು ಅಂದುಕೊಂಡೆ. ನನ್ನ ಹುಚ್ಚು!

"ನೋಡ್ರಿ, ನಮ್ಮ ಕಂಬಾರ ನಿಜಾಮನ ಮುದ್ರಿ ಚೂರು ಮಾಡ್ಯಾನ!" ಎಂದು ಮುಖಂಡ ಕೂಗಿದ. ಚಪ್ಪಾಳೆಯೋ ಚಪ್ಪಾಳೆ. ಯಜಮಾನರ ಕೊರಳಿಗೆ ಹಾರ ಬೇರೆ. ಕಂಬಾರ ಮೊದಲು ಹೇಳಿದ್ದೇ ನಿಜವಾಯಿತಲ್ಲ ಎಂದು ಒಬ್ಬನಾದರೂ ಬಾಯಿ ಬಿಡಲಿಲ್ಲ.

ಜನ ಚದುರಿದ ಮೇಲೆ ಮುಖಂಡ ಹತ್ತಿರ ಬಂದು ದನಿ ಇಳಿಸಿದ. "ಕುಳ ಒಂದು ಬೇಕಾಗ್ಯದ. ಯಾವ ಕಬ್ಬಿಣದಾಗರ ಮಾಡಿಕೊಡು, ಮುದ್ರೀದ ಅಂತ ನಾ ಹೇಳ್ತೀನಿ."

"ಮಾಡಬ್ಯಾಡ್ರಿ" ಅಂದೆ. ಮಾಡಿಕೊಟ್ಟರು, ನಮ್ಮದೇ ಒಳ್ಳೇ ಕಬ್ಬಿಣದಲ್ಲಿ. ಅದಕ್ಕೆ ಕುಂಕುಮ ಹಚ್ಚಿ ಊರೂರು ಮೆರೆಸಿದರಂತೆ. ಸಂತೆಯ ಮರುದಿನವೇ ರೈತರು ತಮ್ಮ ಕುಳ ಹೊತ್ತು ತಿರುಗಿ ಬಂದರು, ಏನೂ ನಡೆದೇ ಇಲ್ಲವೆಂಬಂತೆ ಎಲೆ ಅಡಿಕೆ ಕೇಳಿದರು. ಕೊಟ್ಟೆ. ಕೊಟ್ಟದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಕೆಲವು ವರ್ಷಗಳಾದವು. ಸಿಂಧನೂರಿನ ಕಡೆ ಕಾಲುವೆ ಕೆಲಸ ನಡೆದಿತ್ತು. ಅಲ್ಲಿಂದ ಒಬ್ಬ ರೈತ ಯಾವುದೋ ಯಂತ್ರದ ಒಡೆದ ಚಕ್ರ ಹೊತ್ತು ತಂದ. ಅಪ್ಪಟ ಬೀಡು, ನನ್ನ ಕಣ್ಣಿಗೇ ಗೊತ್ತಾಯಿತು. ಎರಡು ಕುಡುಗೋಲು ಮಾಡಿಕೊಡು ಅಂದ. ಯಜಮಾನರು "ಹೂಂ, ಆಗ್ತದ" ಎಂದು ಇಸಿದುಕೊಂಡರು. ಆತ ಆ ಕಡೆ ಹೋದ ಮೇಲೆ ಚಕ್ರವನ್ನು ಹಿತ್ತಲಿಗೆ ಎಸೆದು, ನಮ್ಮ ಕಬ್ಬಿಣವನ್ನೇ ಕೆಂಡಕ್ಕೆ ಇಟ್ಟರು.

"ಬೀಡು ಅಂತ ಯಾಕ ಹೇಳಲಿಲ್ರೀ?"

"ನೀ ತಿದಿ ಒತ್ತು" ಅಂದರು.