ಕುಂಚಿಗೆಯ ಅಂಚು

ಹೆಮ್ ಎಂಬ ಮಾತು ನನಗೆ ಬಂದದ್ದು ಬ್ಯಾಡಗಿಯ ಒಬ್ಬ ಟೇಲರ್ ಬಾಯಿಂದ. ಎರಡು ಸಾವಿರದ ಇಸವಿ ಕಳೆದ ಹೊಸತು. ಗಂಡ ತೀರಿಕೊಂಡ ಮೇಲೆ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ಮುಂಜಾನೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ, ಮಧ್ಯಾಹ್ನ ಆ ಟೇಲರ್ ಕೊಟ್ಟ ಬಟ್ಟೆಗಳ ಅಂಚು ಮಡಚಿ ಕೈಯಿಂದ ಹೊಲಿಯುತ್ತಿದ್ದೆ. ನನ್ನೊಡನೆ ದಿನವೂ ಮಾತಾಡುತ್ತಿದ್ದವಳು ಪಕ್ಕದ ಮನೆಯ ಬಾಣಂತಿ ಒಬ್ಬಳೇ.

“ಹೆಮ್ ಅಂದ್ರೇನಕ್ಕಾ? ದಿನಾ ಹೆಮ್ ಹೆಮ್ ಅಂತೀ,” ಎಂದು ಒಮ್ಮೆ ಕೇಳಿದಳು. ಅಂಚು ಹೊಲಿಯುವುದಕ್ಕೆ ಟೇಲರ್ ಹಾಗನ್ನುತ್ತಿದ್ದ, ಆ ಮಾತಿನ ಅರ್ಥ ನನಗೂ ಗೊತ್ತಿರಲಿಲ್ಲ.

ಮಗುವಿನ ತಲೆಗೂ ಬೆನ್ನಿಗೂ ಹೊದಿಸುವ ಕುಂಚಿಗೆಯನ್ನು ಅಂಚು ಹೊಲಿಯಲು ಆಕೆ ನನಗೇ ಕೊಟ್ಟಳು. “ನೀನ ಹೊಲಿಯಕ್ಕಾ. ಟೇಲರ್ ಕೊಡೂದ್ರಾಗ ಇವಂಗ ಮೀಸಿ ಬಂದಿರ್ತಾವ.”

ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ. ಮೂಸಿ ನೋಡಿದೆ. ವಾಸನೆ ಇರಲಿಲ್ಲ, ಉರಿಯೂ ಇರಲಿಲ್ಲ. ವರ್ಷಗಟ್ಟಲೆ ಕಾಯಿ ಮುಟ್ಟಿದ ಬೆರಳಿಗೆ ಉರಿ ತಿಳಿಯುವುದೇ ನಿಂತಿತ್ತು. ಅದು ನನಗೆ ಹೊಳೆಯಲಿಲ್ಲ. ಹಣೆಯ ಮೇಲೆ ಬರುವ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಣ್ಣಗೆ ಹೊಲಿದೆ.

ಮರುದಿನ ಮಗು ಚೀರಿದ ದನಿಗೆ ಓಡಿದೆ. ಕಣ್ಣು ಬಾತಿದ್ದವು. ಹಣೆಯ ಮೇಲೆ, ಅಂಚು ಕೂತಲ್ಲಿ, ಒಂದು ಕೆಂಪು ಗೆರೆ. ಬಾಣಂತಿಯ ತಾಯಿ ಅಂಚನ್ನು ನಾಲಿಗೆಗೆ ತಾಗಿಸಿದಳು.

“ಖಾರ ಐತಿ. ಕೈ ತೊಳಕೊಂಡಿದ್ದಿಲ್ಲೇನು?”

“ಎರಡ ಸರ್ತಿ ತೊಳದೇನ್ರಿ.”

“ತೊಳದ್ರ ಹೋಗ್ತೈತೇನು? ಈ ಊರಾಕಿನ ಹೌದಿಲ್ಲೋ ನೀ?”

ಬಾಣಂತಿ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಮೂರನೆಯ ದಿನ ಮಗು ಕಣ್ಣು ತೆರೆಯಿತು ಎಂದು ತಿಳಿದದ್ದು ಓಣಿಯ ಹೆಂಗಸರಿಂದ. ಆಕೆ ಮತ್ತೆ ಕರೆಯಲಿಲ್ಲ.

ಆಕೆಯ ಬಾಗಿಲು ಬಡಿಯಲು ನನಗೊಂದು ಕಾರಣ ಬೇಕಿತ್ತು. ಹಾವೇರಿಗೆ ಹೋದಾಗ ಗ್ರಂಥಾಲಯದಲ್ಲಿ ಇಂಗ್ಲಿಷ್ ಪದಗಳ ದೊಡ್ಡ ನಿಘಂಟು ಕೇಳಿ ತೆಗೆಸಿದೆ. ಹೆಮ್ ಎಂದರೆ ಬಟ್ಟೆಯ ಮಡಚಿದ ಅಂಚು ಎಂದಿತ್ತು, ಸುತ್ತುಗಟ್ಟಿ ಒಳಗಿಡುವುದು ಎಂದೂ ಇತ್ತು. ಅದಕ್ಕೆ ನಂಟಿರುವ ಹಳೆಯ ಮಾತೊಂದಕ್ಕೆ ಬೇಲಿ ಹಾಕಿದ ನೆಲ ಎಂಬ ಅರ್ಥ. ಬಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತ ಬಂದೆ.

ಬಾಗಿಲು ತೆರೆದಳು. ಸೊಂಟದ ಮೇಲಿದ್ದ ಮಗುವಿಗೆ ಅದೇ ಕುಂಚಿಗೆ. ನನ್ನ ಹೊಲಿಗೆ ಬಿಚ್ಚಿ ಯಾರೋ ಉದ್ದುದ್ದ ಹೊಲಿಗೆ ಹಾಕಿದ್ದರು. ಪಕ್ಕದಲ್ಲಿ ನನ್ನ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು.

ನಿಘಂಟಿನಲ್ಲಿ ಇದ್ದುದನ್ನು ಹೇಳಿದೆ.

“ಹೌದೇನಕ್ಕಾ,” ಎಂದಳು. ನಾನು ಕೈ ಚಾಚಿರಲಿಲ್ಲ. ಆದರೂ ಮಗುವಿನ ಮುಖವನ್ನು ತನ್ನ ಹೆಗಲಿಗೆ ತಿರುಗಿಸಿಕೊಂಡಳು.