ಹಿಮ್ಮುಖವಾಗಿ ಏರು ಹತ್ತಿದ ಕಾರು

ಡಿಸೆಂಬರ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಎಂಟು ಗಂಟೆ. ಅಮ್ಮತ್ತಿ ಸಮೀಪದ ಎಸ್ಟೇಟಿನ ಕಾಫಿ ಕಣದಲ್ಲಿ ನಾಲ್ವರಿದ್ದೆವು: ಎಸ್ಟೇಟು ಮಾರಿ ಸ್ವದೇಶಕ್ಕೆ ಹೊರಟಿದ್ದ ಬಿಳಿ ದೊರೆ, ತಿತಿಮತಿಯಿಂದ ಬಂದಿದ್ದ ಮರದ ವ್ಯಾಪಾರಿ, ನಮ್ಮ ರೈಟರು ಮತ್ತು ನಾನು. ಕೊಡಗು ಆಗ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ.

ರೈಟರ ಕುತ್ತಿಗೆ ತಿರುಗುತ್ತಿರಲಿಲ್ಲ. ಹುಡುಗರಾಗಿದ್ದಾಗ ಎತ್ತಿನ ಗಾಡಿಯಿಂದ ಬಿದ್ದು ಅದು ಹಾಗೆಯೇ ಬಿಗಿದು ನಿಂತಿತ್ತು. ಪಕ್ಕದವರನ್ನು ನೋಡಬೇಕಾದರೆ ಪಾದದಿಂದ ಹಿಡಿದು ಇಡೀ ಮೈಯನ್ನು ತಿರುಗಿಸುತ್ತಿದ್ದರು. ಗಂಟಲವರೆಗೆ ಗುಂಡಿ ಹಾಕಿದ ಕರಿ ಕೋಟು ಬೇರೆ. ಹೊಸಬರು ಅವರನ್ನು ಅಹಂಕಾರಿ ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ವಾರ ಹಾಗೆಯೇ ಎಂದುಕೊಂಡಿದ್ದೆ.

ಎಸ್ಟೇಟುಗಳಲ್ಲಿ ರೈಟರೆಂದರೆ ಆಫೀಸಿನ ಹಿರಿಯ ಗುಮಾಸ್ತರು. ನಾನು ಅವರ ಕೈಕೆಳಗಿನವನು. ಕುಶಾಲನಗರದ ಕಡೆಯ ಒಕ್ಕಲು ಮನೆಯಿಂದ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಬೆಳಗ್ಗೆ ಏಳಕ್ಕೆ ಆಫೀಸಿನ ಬೀಗ ತೆಗೆಯುವುದು, ಮೇಜು ಒರೆಸುವುದು, ಮಸಿಕುಡಿಕೆ ತುಂಬುವುದು, ಆಮೇಲೆ ಮಾತು. ಆ ಕ್ರಮವನ್ನು ಅವರು ನನಗೆ ಬಾಯಲ್ಲಿ ಹೇಳಿಕೊಡಲಿಲ್ಲ. ತಾವು ಮಾಡಿದರು, ನಾನು ನೋಡಿ ಕಲಿತೆ. ಕಾಫಿ ಗೋಣಿಯ ಬಾಯಿ ಬಿಚ್ಚಿ ಮೇಲಿನ ಕಾಳು ನೋಡಿ ಅವರೆಂದೂ ಒಪ್ಪಿದವರಲ್ಲ. ಕಬ್ಬಿಣದ ಕೊಳವೆಯನ್ನು ಗೋಣಿಯ ತಳಕ್ಕೆ ಚುಚ್ಚಿ ಕಾಳು ತೆಗೆಯುತ್ತಿದ್ದರು. “ಮೇಲಿರೋದು ನಮಗೆ ತೋರ್ಸೋಕೆ ಇಟ್ಟಿರ್ತಾರೆ ಕಣಯ್ಯ” ಎನ್ನುತ್ತಿದ್ದರು.

ಅಂಥವರು ಕೊಳ್ಳಲು ಹೊರಟದ್ದು ದೊರೆಯ ಹಳೆಯ ಓಟದ ಕಾರನ್ನು. ಯುದ್ಧಕ್ಕೂ ಮುಂಚಿನದು. ಹಸಿರು ಬಣ್ಣ, ತಂತಿ ಕಡ್ಡಿಗಳ ಚಕ್ರ, ಉದ್ದ ಮೂತಿ, ತಲೆಯ ಮೇಲೆ ಕ್ಯಾನ್ವಾಸ್, ಇರುವುದು ಎರಡೇ ಸೀಟು. ನಮ್ಮ ಕಡೆ ಒಂದು ಕಾರೆಂದರೆ ಮದುವೆಗೆ ಹತ್ತು ಜನ ಹತ್ತಬೇಕು, ಹಿಂದೆ ಬಾಳೆಗೊನೆ ಕಟ್ಟಬೇಕು. ಎರಡು ಸೀಟಿನದನ್ನು ಯಾರೂ ಕೇಳಲಿಲ್ಲ. ಹಾಗಾಗಿಯೇ ಅದು ರೈಟರ ಕೈಗೆ ಎಟುಕುವ ಬೆಲೆಗೆ ಇಳಿದಿತ್ತು. ಬೇರೆ ಯಾವ ಕಾರೂ ಎಟುಕುವಂತಿರಲಿಲ್ಲ. ಓಡಿಸುವುದನ್ನು ಅವರು ಎಸ್ಟೇಟಿನ ಲಾರಿಯಲ್ಲಿ ಕಲಿತಿದ್ದರು.

ಕಾರು ಬೇಕಾಗಿದ್ದದ್ದು ಅವರ ಹೆಂಡತಿಗಾಗಿ. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕನ ತವರು ಶನಿವಾರಸಂತೆಯಿಂದಾಚೆಗಿನ ಹಳ್ಳಿ. ಬಸ್ಸು ಇಳಿದ ಮೇಲೆ ಅರ್ಧ ದಿನದ ನಡಿಗೆ. ಮಂಡಿ ಊದಿ ಅವರಿಗೆ ನಡೆಯಲಾಗದೆ ವರ್ಷಗಳಾಗಿದ್ದವು. ಎತ್ತಿನ ಗಾಡಿಯ ಕುಲುಕಾಟವನ್ನೂ ತಡೆಯಲಾರರು. ತಾಯಿ ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ದೀಪಾವಳಿಗೆ ಬಂದಿತ್ತು. ಎರಡು ಸೀಟಿನ ಕಾರು ತಗೊಂಡು ಏನು ಮಾಡ್ತೀರಿ ಎಂದು ಆಫೀಸಿನಲ್ಲಿ ಯಾರೋ ನಕ್ಕಾಗ ರೈಟರು ಇಡೀ ಮೈ ತಿರುಗಿಸಿ ಹೇಳಿದ್ದರು: “ನಾವಿರೋದೂ ಇಬ್ಬರೇ ಅಲ್ವಾ?” ಅವರಿಗೆ ಮಕ್ಕಳಿರಲಿಲ್ಲ.

ಮರದ ವ್ಯಾಪಾರಿಗೂ ಅದೇ ಕಾರು ಬೇಕಿತ್ತು, ಓಡಿಸುವುದಕ್ಕಲ್ಲ. ಎಂಜಿನ್ ಬಿಚ್ಚಿ ಪಟ್ಟಿ ಹಾಕಿ ಗರಗಸ ತಿರುಗಿಸುವುದಕ್ಕೆ.

ಕಣದಲ್ಲಿ ದೊರೆ ಕಾರನ್ನು ನಾಲ್ಕು ಸುತ್ತು ಓಡಿಸಿ ತೋರಿಸಿದರು. ಬೆಟ್ಟದ ನಾಡಿನಲ್ಲಿ ಸಮತಟ್ಟಾದ ಜಾಗ ಕಾಫಿ ಕಣವೊಂದೇ. ಅಲ್ಲಿ ಓಡಿದ ಗಾಡಿಯನ್ನು ಚೆನ್ನಾಗಿದೆ ಎಂದುಕೊಂಡು ಕೊಂಡವರು ಎಷ್ಟೋ ಮಂದಿ. ವ್ಯಾಪಾರಿ ತಲೆಯಾಡಿಸಿದ. ರೈಟರು ಆಡಿಸಲಿಲ್ಲ. ಗೋಣಿಚೀಲ ಹಾಸಿ ಕಾರಿನಡಿ ಮಲಗಿ ತಗಡಿನ ಒಳಗಿನ ಮರದ ಚೌಕಟ್ಟನ್ನು ಚುಚ್ಚಿ ನೋಡಿದರು. ಎಡಬದಿ ಮಳೆಗೆ ಮೆತ್ತಗಾಗಿತ್ತು. ಅಷ್ಟನ್ನು ಬಡಗಿ ಬದಲಾಯಿಸಬಹುದು ಎಂದರು. ಆಮೇಲೆ ಗೋದಾಮಿನಿಂದ ಎರಡು ಮೂಟೆ ಕಾಫಿ ತರಿಸಿ ಕಾರಿನಲ್ಲಿ ಹೇರಿಸಿದರು. ಗೇಟಿನ ಏರು ಹತ್ತಿಸಿ ನೋಡಬೇಕು ಎಂದರು.

ಕಣದಿಂದ ಗೇಟಿಗೆ ಹೋಗುವ ರಸ್ತೆ ಕಡಿದಾದ ಏರು. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಹೊಳೆಗೆ ಇಳಿಯುವ ಕೊರಕಲು. ಕಾರು ಮೊದಲ ತಿರುವು ಮುಟ್ಟುವ ಮೊದಲೇ ನಿಂತಿತು. ಎಂಜಿನ್ ಅಬ್ಬರಿಸಿತು, ಸುಟ್ಟ ವಾಸನೆ ಬಂತು, ಚಕ್ರ ಮಾತ್ರ ತಿರುಗಲಿಲ್ಲ. ದೊರೆ ಹಿಂದಕ್ಕೆ ಬಿಟ್ಟುಕೊಂಡು ಕಣಕ್ಕೆ ಬಂದರು.

ವ್ಯಾಪಾರಿಯ ಉತ್ಸಾಹ ಇಳಿಯಿತು. ಸತ್ತ ಎಂಜಿನ್ ಕಟ್ಟಿಕೊಂಡು ಗರಗಸ ತಿರುಗಿಸುವುದು ಹೇಗೆ ಎಂದು ಗೊಣಗಿ ತನ್ನ ಸೈಕಲ್ಲಿನ ಕಡೆ ಹೊರಟ. ನನಗೆ ಒಳಗೊಳಗೆ ಕುಣಿಯುವಂತಾಯಿತು. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು ಕೇಳಿದ: “ರೈಟ್ರೇ, ನೀವು ಸುಳ್ಳು ಹೇಳೋರಲ್ಲ. ಎಂಜಿನ್ ಹೋಗಿದೆ ತಾನೇ?”

“ಎಂಜಿನ್ ಗಟ್ಟಿ ಐತೆ. ಜಾರ್ತಿರೋದು ಕ್ಲಚ್ಚು. ನಿಮ್ಮ ಕೆಲಸಕ್ಕೆ ಅದು ಬೇಕಾಗೋದೇ ಇಲ್ಲ” ಎಂದರು ರೈಟರು.

ನಾನು ನೆಲ ನೋಡಿದೆ. ವ್ಯಾಪಾರಿ ವಾಪಸು ಬಂದು, ರೈಟರು ಕೋಟಿನ ಜೇಬಿನಲ್ಲಿ ಲಕೋಟೆಗೆ ಹಾಕಿ ತಂದಿದ್ದ ಹಣಕ್ಕೆ ಮೀರಿದ ಬೆಲೆ ಕೂಗಿದ. ರೈಟರು ಲಕೋಟೆಯನ್ನು ಹೊರಗೆ ತೆಗೆಯಲಿಲ್ಲ, ವ್ಯಾಪಾರಿಯನ್ನು ತಡೆಯಲೂ ಇಲ್ಲ. ದೊರೆ ಚಿಲುಮೆ ಕೊಡವಿ ಇಬ್ಬರನ್ನೂ ನೋಡಿದರು. ಆಮೇಲೆ ತಮ್ಮ ಮುರುಕು ಕನ್ನಡದಲ್ಲಿ ತೀರ್ಮಾನ ಹೇಳಿದರು. ಮಧ್ಯಾಹ್ನದೊಳಗೆ, ಯಾರೂ ತಳ್ಳದೆ, ತನ್ನ ಚಕ್ರದ ಮೇಲೆಯೇ ಈ ಕಾರು ಗೇಟು ದಾಟಿದರೆ ರೈಟರ ಬೆಲೆಗೆ ರೈಟರದ್ದು. ದಾಟದಿದ್ದರೆ ವ್ಯಾಪಾರಿಯದ್ದು. ವ್ಯಾಪಾರಿ ನಕ್ಕು ಒಪ್ಪಿದ. ಬಂಗಲೆಯ ಕಡೆ ಹೊರಟ ದೊರೆ ಇನ್ನೊಂದು ಮಾತು ಸೇರಿಸಿದರು: ಈ ಕಾರಿಗೆ ಮುಂದಿನ ಯಾವ ಗೇರಿಗಿಂತಲೂ ರಿವರ್ಸ್ ಗೇರಿನಲ್ಲಿ ಏರು ಎಳೆಯುವ ಬಲ ಹೆಚ್ಚು.

ಹಿಂದೆ ನೋಡಿಕೊಂಡು ಓಡಿಸಬೇಕು. ಓಡಿಸುವವರಿಗೆ ಕುತ್ತಿಗೆ ತಿರುಗದು.

ರೈಟರು ಮೊದಲು ಮಾಡಿದ್ದು ಭಾರ ಇಳಿಸುವ ಕೆಲಸ. ಮೂಟೆಗಳು, ಹೆಚ್ಚಿನ ಚಕ್ರ, ಕ್ಯಾನ್ವಾಸ್, ಪಕ್ಕದ ಸೀಟು ಎಲ್ಲವನ್ನೂ ತೆಗೆದು ಕಣದ ಅಂಚಿನಲ್ಲಿ ಸಾಲಾಗಿ ಇಟ್ಟೆವು. ಕೊನೆಗೆ ತಮ್ಮ ಕರಿ ಕೋಟನ್ನೂ ಬಿಚ್ಚಿ ಮಡಚಿ ಮೂಟೆಯ ಮೇಲಿಟ್ಟರು. ಅವರನ್ನು ಕೋಟಿಲ್ಲದೆ ನೋಡಿದ್ದು ಅದೇ ಮೊದಲು. ಆಮೇಲೆ ಒಂದು ಹಲಸಿನ ಮರದ ತುಂಡನ್ನು ನನ್ನ ಕೈಗೆ ಕೊಟ್ಟರು.

“ನೀನು ನನ್ನ ಮುಂದೆ, ಕೆಳಗಡೆಯಿಂದ ಬಾ. ನಾನು ನಿನ್ನ ನೋಡ್ತೀನಿ, ನೀನು ನನ್ನ ಹಿಂದಿನ ರಸ್ತೆ ನೋಡು. ಎಡ ಬಲ ಅನ್ನಬೇಡ, ನಿನ್ನೆಡ ನನಗೆ ಬಲ ಆಯ್ತದೆ. ಹೊಳೆ ಕಡೆ ಅನ್ನು, ಬೆಟ್ಟದ ಕಡೆ ಅನ್ನು. ನಿಂತ್ರೆ ಕೆಳಕ್ಕೆ ಜಾರದ ಹಾಗೆ ಚಕ್ರಕ್ಕೆ ತುಂಡು ಕೊಡು.”

ಹೊರಟೆವು. ಕಾರಿನ ಬೆನ್ನು ಏರಿನ ಕಡೆ, ಮೂತಿ ನನ್ನ ಕಡೆ. ನಾನು ಕೈಚಾಚಿ ಹೊಳೆ ಕಡೆ ಎಂದರೆ ಅವರು ಸ್ಟೀರಿಂಗನ್ನು ಅತ್ತ ತಿರುಗಿಸುತ್ತಿದ್ದರು. ಬೆಟ್ಟದ ಕಡೆ ಎಂದರೆ ಇತ್ತ. ಅವರ ಕಣ್ಣು ನನ್ನ ಕೈಯಿಂದ ಒಂದು ಸಲವೂ ಕದಲಲಿಲ್ಲ. ಎಡವಟ್ಟಾದರೆ ಕೊರಕಲಿಗೆ ಬೀಳುವವರು ಅವರು. ವಯಸ್ಸಿನಲ್ಲಿ ನನಗೆ ತಂದೆಯಷ್ಟು ದೊಡ್ಡವರು ನನ್ನ ಕೈ ನಂಬಿ ಬೆನ್ನು ಮುಂದಾಗಿ ಹತ್ತುತ್ತಿದ್ದರು.

ವ್ಯಾಪಾರಿ ಸೈಕಲ್ಲು ತಳ್ಳಿಕೊಂಡು ನಮ್ಮ ಹಿಂದೆಯೇ ಬಂದ. “ಏನ್ ರೈಟ್ರೇ, ಬೆಟ್ಟದ ಮೇಲೆ ಮುನಿಸಾ? ಬೆನ್ನು ತೋರ್ಸ್ಕೊಂಡು ಹೋಗ್ತಿದೀರಿ” ಎಂದ.

ತಿರುವಿನಲ್ಲಿ ಮತ್ತೆ ಸುಟ್ಟ ವಾಸನೆ ಬಂತು. ತುಂಡು ಕೊಟ್ಟೆ. ಭಾನುವಾರದ ರಜೆಯಲ್ಲಿದ್ದ, ಎಸ್ಟೇಟಿನ ಲೈನುಮನೆಗಳ ಆಳುಗಳು ಗುಂಪುಗೂಡಿದರು. ಇಬ್ಬರು ತಳ್ಳುವುದಕ್ಕೆ ಮುಂದೆ ಬಂದಾಗ ರೈಟರು ಬೇಡವೆಂದು ಕೈ ಎತ್ತಿದರು. ಕ್ಲಚ್ಚು ತಣಿಯುವವರೆಗೆ ಸೀಟಿನಲ್ಲೇ ನೆಟ್ಟಗೆ ಕುಳಿತರು. ಮತ್ತೆ ಹೊರಟು, ಮತ್ತೆ ನಿಂತು, ಮತ್ತೆ ತುಂಡು ಕೊಟ್ಟು, ಅಂತೂ ಎರಡನೆಯ ತಿರುವೂ ದಾಟಿತು. ಆಮೇಲೆ ನಗುವವರು ನಗುವುದನ್ನು ಬಿಟ್ಟರು. ವ್ಯಾಪಾರಿ ತಾನಾಗಿಯೇ ಮುಂದೆ ಓಡಿ ರಸ್ತೆಯ ಮೇಲಿದ್ದ ಕಲ್ಲೊಂದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

ಗೇಟಿನ ಪಕ್ಕದಲ್ಲಿಯೇ ರೈಟರ ಮನೆ. ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದು ನಿಂತಿದ್ದರು. ಅವರಿಗೆ ಮೊದಲು ಕಂಡದ್ದು ಕಾರಿನ ಹಿಂಭಾಗ.

“ಏನ್ರೀ, ಇದಕ್ಕೆ ಮುಖ ಇಲ್ವಾ?” ಎಂದರು.

“ಐತೆ. ತವರಿಗೆ ಹೋಗ್ವಾಗ ತೋರ್ಸ್ತೀನಿ” ಎಂದರು ರೈಟರು. ಕಾರು ಗೇಟು ದಾಟಿತ್ತು.

ಅಂದು ಸಂಜೆ ಅವರು ಸವಾರಿ ಹೋಗಲಿಲ್ಲ. ಮೊದಲು ಎರಡು ಮೂಟೆಯನ್ನು ಗೋದಾಮಿಗೆ ಸೇರಿಸಬೇಕು ಎಂದರು, ಸೇರಿಸಿದೆವು. ಮೈಸೂರಿನಿಂದ ಮಿಸ್ತ್ರಿ ಬಂದು ಕ್ಲಚ್ಚು ಸರಿಮಾಡಿದ ಮರುದಿನ ಇಬ್ಬರೂ ಶನಿವಾರಸಂತೆಯ ರಸ್ತೆ ಹಿಡಿದರು. ಅಕ್ಕ ತಾಯಿಯ ಬಳಿ ಸಂಕ್ರಾಂತಿಯವರೆಗೂ ಇದ್ದರು. ಆ ಮುದುಕಿ ತೀರಿಕೊಂಡದ್ದು ಮಗಳ ಕೈಯಿಂದ ನೀರು ಕುಡಿದು.

ಕೊಡಗು ಮೈಸೂರಿನೊಂದಿಗೆ ಸೇರಿದ ಮೇಲೂ ಬಹಳ ವರ್ಷ ಆ ಕಾರು ಓಡಿತು. ಮೊದಲು ಅಕ್ಕ ಹೋದರು. ನಿವೃತ್ತರಾದ ರೈಟರು ಗಾಳಿಬೀಡಿನ ಹೊಳೆ ಬದಿಯ ಇಳಿಜಾರಿನಲ್ಲೊಂದು ಸಣ್ಣ ಮನೆ ಮಾಡಿಕೊಂಡಿದ್ದರು. ಅವರು ತೀರಿಕೊಂಡದ್ದು ಮಡಿಕೇರಿಯ ಆಸ್ಪತ್ರೆಯಲ್ಲಿ. ಸುದ್ದಿ ತಿಳಿದು ನಾನು ನೇರ ಮನೆಗೆ ಹೋಗಿ ಅಂಗಳ ಗುಡಿಸಿ ಕಾದೆ. ಶವ ತಂದ ಜೀಪು ಓಣಿಯ ಕೆಳಗೆ ನಿಂತಿತು. ಮೇಲೆ ತಿರುಗಿಸುವುದಕ್ಕೆ ಜಾಗವಿಲ್ಲ, ಹಿಮ್ಮುಖವಾಗಿಯೇ ಹತ್ತಿಸಬೇಕು, ಯಾರಾದರೂ ದಾರಿ ತೋರಿಸಿ ಎಂದು ಡ್ರೈವರ್ ಕೇಳಿದ.

ಕಾರಿನ ಶೆಡ್ಡಿಗೆ ಹೋದೆ. ಹಲಸಿನ ತುಂಡು ಮುಂಚಕ್ರದ ಪಕ್ಕದಲ್ಲೇ ಇತ್ತು. ಅದನ್ನು ತಂದು ಜೀಪಿನ ಮುಂದೆ ನಿಂತೆ.

“ಎಡಕ್ಕಾ, ಬಲಕ್ಕಾ?” ಎಂದ ಡ್ರೈವರ್.

“ಎಡ ಬಲ ಬೇಡಪ್ಪ. ನನ್ನ ಕೈ ನೋಡು. ಹೊಳೆ ಕಡೆ” ಎಂದೆ.

ಹೊಳೆ ಕಡೆ, ಬೆಟ್ಟದ ಕಡೆ, ಮತ್ತೆ ಹೊಳೆ ಕಡೆ. ಜೀಪು ಎಲ್ಲಿಯೂ ನಿಲ್ಲದೆ ಅಂಗಳ ಸೇರಿತು. ನಾನು ಬಗ್ಗಿ ಚಕ್ರಕ್ಕೆ ತುಂಡು ಕೊಟ್ಟೆ.