ಒಂದು ಗಂಟೆಯ ಫೋನು

ಟೇಕಲ್ ಕಡೆಯ ಆ ಕಲ್ಲು ಕ್ವಾರಿಯಲ್ಲಿ ಭೀಮರಾಜನ ಕೈಗೆ ಫೋನು ಕೊಡದೆ ಒಂದು ನರಪಿಳ್ಳೆಯೂ ಬಂಡೆಯ ಹತ್ತಿರ ಸುಳಿಯುವಂತಿರಲಿಲ್ಲ. ಮಾಲೀಕ ಬಂದರೂ ಅಷ್ಟೇ, ಮಾಲೀಕನ ಭಾಮೈದ ಬಂದರೂ ಅಷ್ಟೇ. ಮಧ್ಯಾಹ್ನ ಹನ್ನೆರಡಾಯಿತೆಂದರೆ ಒಂದು ಅಲ್ಯೂಮಿನಿಯಂ ಸ್ಕೂಲ್ ಪೆಟ್ಟಿಗೆ ಹಿಡಿದು ಎಲ್ಲರ ಮುಂದೆಯೂ ನಿಲ್ಲುತ್ತಿದ್ದ. ಅದು ಅವನ ಮಗಳು ಮೇಘನ ಹೈಸ್ಕೂಲಿಗೆ ಹೋಗುವಾಗ ಒಯ್ಯುತ್ತಿದ್ದ ಪೆಟ್ಟಿಗೆ. ಮುಚ್ಚಳದ ಮೇಲೆ ಕೈವಾರದ ಮೊನೆಯಿಂದ ಕೆತ್ತಿದ ಅವಳ ಹೆಸರು ಇನ್ನೂ ಹಾಗೇ ಇತ್ತು. ಫೋನುಗಳನ್ನೆಲ್ಲ ಅದಕ್ಕೆ ಹಾಕಿಸಿ, ಕ್ವಾರಿಯಿಂದ ದೂರ, ರಸ್ತೆ ಬದಿಯ ಹೊಂಗೆ ಮರದ ಬುಡದಲ್ಲಿಟ್ಟು ಬರುತ್ತಿದ್ದ.

ಭೀಮರಾಜನದು ಬಂಡೆ ಸಿಡಿಸುವ ಕೆಲಸ. ಇಪ್ಪತ್ತಾರು ವರ್ಷದ ಸರ್ವೀಸು, ಕಿಸೆಯಲ್ಲಿ ಲೈಸೆನ್ಸು. ಬಂಡೆಗೆ ತೂತು ಕೊರೆದು ಮದ್ದು ತುಂಬಿ, ಜೊತೆಗೆ ಕೇಪು ಇಳಿಸುತ್ತಾರೆ. ಕೇಪೆಂದರೆ ಬೆರಳುದ್ದದ ಲೋಹದ ಕೊಳವೆ, ಬಾಲದಲ್ಲಿ ಎರಡು ವೈರು. ಚೂರು ಕರೆಂಟು ತಗುಲಿದರೂ ಸಿಡಿಯುವ ಜಾತಿ. ಫೋನಿಂದ ಅದೆಲ್ಲಿ ಸಿಡಿಯುತ್ತದೆ ಎಂದು ಯಾರಾದರೂ ವಾದಕ್ಕೆ ನಿಂತರೆ ಅವನ ಉತ್ತರ ಸಿದ್ಧವಿರುತ್ತಿತ್ತು.

"ಸಿಡಿಯಲ್ಲ ಅಂತ ಗೊತ್ತಾದ್ರೆ ಬಂದು ನಂಗೂ ಹೇಳಪ್ಪ. ಸಿಡಿಯುತ್ತೆ ಅಂತ ಗೊತ್ತಾದ್ರೆ ಹೇಳೋಕೆ ನೀನೂ ಇರಲ್ಲ, ಕೇಳೋಕೆ ನಾನೂ ಇರಲ್ಲ. ಹಾಕು ಪೆಟ್ಟಿಗೆಗೆ."

ಸಿಡಿಸಲು ದಿನಕ್ಕೆ ಎರಡೇ ಹೊತ್ತು. ಮಧ್ಯಾಹ್ನ ಒಂದಕ್ಕೆ, ತಪ್ಪಿದರೆ ಸಂಜೆ ಐದೂವರೆಗೆ. ಭೀಮರಾಜ್ ಒಂದು ಗಂಟೆಯದನ್ನು ತಪ್ಪಿಸಿದವನೇ ಅಲ್ಲ, ಮತ್ತು ಅದಕ್ಕೊಂದು ಕಾರಣವಿತ್ತು.

ಮೇಘನ ಏಳನೇ ಕ್ಲಾಸಿನಲ್ಲಿದ್ದಾಗ ಅವನ ಜೊತೆಗಾರ ಮುನಿಯಲ್ಲಪ್ಪ ಸಿಡಿಯದೆ ಉಳಿದ ತೂತೊಂದನ್ನು ಕೆದಕಲು ಹೋಗಿ ಸತ್ತ. ಆ ದಿನ ಸಂಜೆ ಮುನಿಯಲ್ಲಪ್ಪನ ಮನೆ ಮುಂದೆ ಅಪ್ಪನ ಕೈ ಹಿಡಿದು ನಿಂತಿದ್ದ ಹುಡುಗಿ ಮನೆಗೆ ಬಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಅಪ್ಪನಿಂದ ಭಾಷೆ ತೆಗೆದುಕೊಂಡಳು. ಸಿಡಿಸಿದ ಮೇಲೆ, ಎಲ್ಲ ಸರಿಯಾಗಿದೆ ಅಂತ ಆದ ಮೇಲೆ, ತನಗೆ ಫೋನು ಮಾಡಬೇಕು. ಸ್ಕೂಲಿನಲ್ಲಿದ್ದಾಗ ಹೆಡ್‌ಮೇಷ್ಟ್ರ ಫೋನಿಗೆ ಮಾಡಿದ್ದೂ ಉಂಟು. ಅವರೂ ಪಾಪ, "ಏಯ್ ಹುಡ್ಗಿ, ನಿಮ್ಮಪ್ಪಂದು ಆಯ್ತಂತೆ" ಎಂದು ಕಿಟಕಿಯಿಂದಲೇ ಕೂಗಿ ಹೇಳುತ್ತಿದ್ದರು.

ಮಾತು ಬಹಳವೇನೂ ಇರುತ್ತಿರಲಿಲ್ಲ.

"ಆಯ್ತು ಕಣಮ್ಮ."

"ಸರಿ ಅಪ್ಪ. ಉಂಡ್ಕೋ."

ಇಷ್ಟೇ. ಹತ್ತು ಹನ್ನೊಂದು ವರ್ಷ ಇಷ್ಟೇ. ಮೇಘನ ಡಿಪ್ಲೊಮ ಮುಗಿಸಿ ಮಾಲೂರಿನ ಒಂದು ಫ್ಯಾಕ್ಟರಿಗೆ ಸೇರಿದಳು. ಅಲ್ಲಿ ಯಂತ್ರಗಳ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ. ಪರೀಕ್ಷೆಯ ರೂಮಿಗೆ ಫೋನು ಒಯ್ಯುವಂತಿಲ್ಲ, ಬಾಗಿಲಲ್ಲೇ ಲಾಕರಿಗೆ ಹಾಕಬೇಕು. "ನಮ್ಮಲ್ಲೂ ಒಬ್ಬ ಭೀಮರಾಜ್ ಇದಾನೆ ಕಣಪ್ಪ, ಸೆಕ್ಯೂರಿಟಿ ಡ್ರೆಸ್ ಹಾಕೊಂಡವ್ನೆ" ಎಂದು ಅಪ್ಪನನ್ನು ಆಡಿಕೊಂಡು ನಗುತ್ತಿದ್ದಳು. ಊಟದ ಬಿಡುವು ಒಂದರಿಂದ ಒಂದೂವರೆ. ಡಬ್ಬಿ ಬಿಚ್ಚುವ ಮೊದಲು ಲಾಕರಿನಿಂದ ಫೋನು ತೆಗೆದು ಎದುರಿಗಿಟ್ಟುಕೊಳ್ಳುವಳು. ಅಪ್ಪನ ಫೋನು ಬಂದ ಮೇಲೆಯೇ ಮೊದಲ ತುತ್ತು.

ಅಮ್ಮ ಗಂಗಾಲಕ್ಷ್ಮಿಗೂ ಒಂದು ಬಟನ್ ಫೋನು ಕೊಡಿಸಿದ್ದಳು. ಅವಳಿಗೆ ನಂಬರು ಒತ್ತಲು ಬಾರದು. ಅದಕ್ಕೇ ಎರಡನ್ನು ಒತ್ತಿ ಹಿಡಿದರೆ ಅಪ್ಪನಿಗೆ, ಮೂರನ್ನು ಒತ್ತಿ ಹಿಡಿದರೆ ತನಗೆ ಹೋಗುವ ಹಾಗೆ ಮಾಡಿಕೊಟ್ಟಿದ್ದಳು. ಗಂಗಾಲಕ್ಷ್ಮಿ ಮೂರನ್ನು ಒತ್ತಿ ಒತ್ತಿ ಅಂಕಿ ಅಳಿಸಿದ್ದಳು, ಎರಡನ್ನು ಮುಟ್ಟಿದವಳಲ್ಲ. ಗಂಡನ ಸುದ್ದಿಯೆಲ್ಲ ಹೇಗೂ ಮಗಳ ಮೂಲಕ ಬರುತ್ತಿತ್ತು.

ಕಳೆದ ಕಾರ್ತಿಕದ ಒಂದು ಗುರುವಾರ. ಹನ್ನೊಂದು ತೂತಿಗೂ ಮದ್ದು ತುಂಬಿಯಾಗಿತ್ತು, ವೈರು ಜೋಡಿಸುತ್ತಾ ಭೀಮರಾಜ್ ಕೊನೆಯ ತೂತಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಆಗ ಅವನ ಬೆನ್ನ ಹಿಂದೆಯೇ ಫೋನು ರಿಂಗಾಯಿತು. ತಿರುಗಿ ನೋಡಿದರೆ ಡ್ರಿಲ್ಲಿಂಗ್ ಮಾಡುವ ಕದಿರೇಶ ಬಿಳಿಚಿಕೊಂಡು ನಿಂತಿದ್ದಾನೆ, ಕೈ ಪ್ಯಾಂಟಿನ ಒಳಜೇಬಿನಲ್ಲಿ. ಹೆಂಡತಿಗೆ ದಿನ ತುಂಬಿತ್ತು, ಯಾವಾಗ ಫೋನು ಬರುತ್ತದೋ ಎಂದು ಎರಡನೆಯ ಫೋನನ್ನು ಅಡಗಿಸಿಟ್ಟುಕೊಂಡಿದ್ದ.

ಭೀಮರಾಜ್ ಎಲ್ಲರನ್ನೂ ಆಚೆ ಕಳಿಸಿದ. ಜೋಡಿಸಿದ ವೈರನ್ನೆಲ್ಲ ಬಿಚ್ಚಿದ. ಆಮೇಲೆ ಮೇಲೆ ಬಂದು ಕದಿರೇಶನಿಗೆ ಹುಟ್ಟಿದ ದಿನ ನೆನಪಾಗುವ ಹಾಗೆ ಬೈದ.

"ಹನ್ನೆರಡು ಜನ ಇದೀವಿ ಕಣೋ ಇಲ್ಲಿ. ಹನ್ನೆರಡು ಮನೆ. ನಿನ್ನೊಬ್ಬನ ಫೋನಿಗೆ ಹನ್ನೆರಡು ಮನೆ ಅಳಬೇಕೇನ್ಲಾ?"

ಮತ್ತೆ ಒಂದೊಂದೇ ತೂತು ನೋಡಿ, ಎಲ್ಲರ ಜೇಬು ತಡವಿ, ಎಲ್ಲ ಹೊಸದಾಗಿ ಜೋಡಿಸಬೇಕು. ಒಂದು ಗಂಟೆಯ ಹೊತ್ತು ತಪ್ಪಿತು. ಇನ್ನು ಐದೂವರೆಗೇ.

ಒಂದೂ ಹತ್ತಕ್ಕೆ ಹೊಂಗೆ ಮರದ ಬುಡದ ಪೆಟ್ಟಿಗೆಯಲ್ಲಿ ಒಂದು ಫೋನು ಬಡಿದುಕೊಂಡಿತು. ದೇವಸ್ಥಾನದ ಗಂಟೆಯ ಸದ್ದು. ಮೇಘನಳೇ ಹಾಕಿಕೊಟ್ಟದ್ದು. ನಿಂತಿತು. ಮತ್ತೆ ಬಡಿಯಿತು. ಮರ ಬಂಡೆಯಿಂದ ಸಾಕಷ್ಟು ದೂರವಿತ್ತು. ಹೋಗಿ ತೆಗೆದು, "ಇವತ್ತು ಸಂಜೆಗಮ್ಮ, ನೀನು ಊಟ ಮಾಡು" ಅಂದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಕದಿರೇಶನಿಗೆ ಬೈದ ಬಾಯಿ ಇನ್ನೂ ಆರಿರಲಿಲ್ಲ. ಸಿಡಿಯುವ ತನಕ ಪೆಟ್ಟಿಗೆ ತೆರೆಯಬಾರದು ಅನ್ನುವುದು ಅವನದೇ ಕಾನೂನು. ಹನ್ನೊಂದು ಜೊತೆ ಕಣ್ಣು ನೋಡುತ್ತಿರುವಾಗ ತಾನೇ ಹೋಗಿ ಫೋನು ತೆಗೆಯುವುದು ಹೇಗೆ? ಅವನು ಕೂತಲ್ಲೇ ಕೂತ. ಗಂಟೆ ನಾಲ್ಕು ಸಲ ಬಡಿದು ಸುಮ್ಮನಾಯಿತು. ಮಗಳು ಅಂದು ಡಬ್ಬಿ ಬಿಚ್ಚಲಿಲ್ಲ ಎಂದು ಅವನಿಗೆ ಗೊತ್ತಾದದ್ದು ಆಮೇಲೆ, ಅವಳ ಬ್ಯಾಗಿನಲ್ಲಿ ಮುಟ್ಟದ ಚಿತ್ರಾನ್ನ ಸಿಕ್ಕಾಗ.

ಐದೂವರೆಗೆ ಬಂಡೆ ಸಿಡಿಯಿತು, ಹನ್ನೊಂದಕ್ಕೆ ಹನ್ನೊಂದೂ. ಧೂಳು ಇಳಿದ ಮೇಲೆ ಎಲ್ಲ ನೋಡಿ, ಇನ್ನು ಅಪಾಯವಿಲ್ಲವೆಂದು ಎರಡು ಸೀಟಿ ಊದಿ, ಪೆಟ್ಟಿಗೆ ತೆರೆದ. ಆರು ಮಿಸ್ಡ್ ಕಾಲ್. ಕೊನೆಯದು ಐದೂ ಹತ್ತಕ್ಕೆ. ಐದಕ್ಕೆ ಶಿಫ್ಟು ಬಿಡುತ್ತದೆ, ಐದೂಕಾಲಿಗೆ ಸ್ಕೂಟರ್ ಗೇಟು ದಾಟುತ್ತದೆ, ಈಗ ಐದೂ ಮುಕ್ಕಾಲು. ಅವಳು ಮಾಲೂರು ಬಿಟ್ಟು ವಕ್ಕಲೇರಿ ದಾರಿಯಲ್ಲಿರುತ್ತಾಳೆ. ಭೀಮರಾಜನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲ ಅಂತ ಅವನು ಆಮೇಲೆ ಯಾರಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ. ಗೊತ್ತಿದ್ದೂ ಮಾಡಿದ.

ಅರ್ಧ ರಿಂಗಿಗೇ ಎತ್ತಿದಳು. ಹಿಂದೆ ಗಾಳಿಯ ಸದ್ದು.

"ಅಪ್ಪಾ! ಆಯ್ತಾ?"

"ಆಯ್ತು ಕಣಮ್ಮ."

"ಸದ್ಯ! ಈಗ ಉಸಿರು ಬಂತು ನೋಡು."

ಅಲ್ಲಿಗೆ ಇಟ್ಟಿದ್ದರೂ ಆಗುತ್ತಿತ್ತು. ಹತ್ತು ವರ್ಷ ಒಂದೇ ಮಾತಿಗೆ ಇಟ್ಟವನು ಅಂದು ಇಡಲಿಲ್ಲ. ಕದಿರೇಶನ ಕಥೆ ಹೇಳಬೇಕಿತ್ತು, ತಾನು ಹನ್ನೆರಡು ಜನರನ್ನು ಉಳಿಸಿದ ಕಥೆ. "ಅದೇನಾಯ್ತು ಗೊತ್ತಾ, ಈ ಕದಿರೇಶ ಇದಾನಲ್ಲ, ಫೋನನ್ನ ಜೇಬಲ್ಲಿ..." ಅನ್ನುತ್ತಿದ್ದಂತೆ ಆ ಕಡೆ ಏನೋ ಸದ್ದಾಯಿತು, ಲೈನು ಹೋಯಿತು. ಅಲ್ಲಿ ಸಿಗ್ನಲ್ಲು ಕೈಕೊಡುವುದು ಹೊಸದಲ್ಲ. ಮನೆಗೆ ಹೋಗಿ ಹೇಳಿದರಾಯಿತು ಎಂದು ಭೀಮರಾಜ್ ಫೋನನ್ನು ಜೇಬಿಗೆ ಹಾಕಿಕೊಂಡು ಟೀ ಕುಡಿದ.

ಇಟ್ಟಿಗೆ ತುಂಬಿದ ಟ್ರ್ಯಾಕ್ಟರೊಂದು ಹಿಂದೆ ಲೈಟಿಲ್ಲದೆ ರಸ್ತೆ ಬದಿ ನಿಂತಿತ್ತು. ಮೇಘನ ಅದನ್ನು ನೋಡಲೇ ಇಲ್ಲ. ಕೋಲಾರದ ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಇಪ್ಪತ್ತಮೂರು ವರ್ಷದ ಹುಡುಗಿ.

ಅವಳ ಫೋನು ಪುಡಿಯಾಗಿತ್ತು. ಪೊಲೀಸರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಾ, "ಹೆಲ್ಮೆಟ್ ಒಳಗೆ ಫೋನ್ ಸಿಗಿಸ್ಕೊಂಡು ಮಾತಾಡ್ತಿದ್ರಂತೆ. ನೋಡಿದವ್ರು ಇದಾರೆ. ಯಾರ ಜೊತೆ ಅಂತ ಏನಾದ್ರೂ ಗೊತ್ತಾ?" ಎಂದು ಕೇಳಿದರು. ಭೀಮರಾಜ್ ಇಲ್ಲವೆಂದು ತಲೆಯಾಡಿಸಿದ. ತಲೆ ತಾನಾಗಿಯೇ ಆಡಿತು. ಪಕ್ಕದಲ್ಲಿ ಗಂಗಾಲಕ್ಷ್ಮಿ ನೆಲದ ಮೇಲೆ ಬಿದ್ದಿದ್ದಳು.

ಊರಿನ ಬಾಯಿಗೆ ಅಷ್ಟು ಸಾಕಾಯಿತು. ವಯಸ್ಸಿನ ಹುಡುಗಿ, ಸ್ಕೂಟರ್ ನಿಲ್ಲಿಸುವಷ್ಟೂ ತಾಳ್ಮೆ ಇಲ್ಲದೆ ಮಾತಾಡುತ್ತಿದ್ದಳೆಂದರೆ ಏನರ್ಥ? ಶ್ರೀನಿವಾಸಪುರದ ಒಂದು ಸಂಬಂಧ ಮಾತಿನಲ್ಲಿತ್ತು. ಆ ಕಡೆಯವರು ಮಾತಾಡಿಸಿ ಹೋಗಲು ಬಂದವರು ಅಂಗಳದಲ್ಲೇ ನಿಂತು ಹೋದರು. ಸತ್ತವಳ ಬಗ್ಗೆ ಇಷ್ಟು ಹಗುರವಾಗಿ ಮಾತಾಡಲು ಜನಕ್ಕೆ ನಾಲಿಗೆಯಾದರೂ ಹೇಗೆ ಬರುತ್ತದೋ, ನನಗಂತೂ ತಿಳಿಯದು.

ಗಂಗಾಲಕ್ಷ್ಮಿ ಮಗಳನ್ನು ಬಲ್ಲವಳು, ಅದನ್ನು ನಂಬಲಿಲ್ಲ. ಆದರೆ ಫೋನು ಮಾಡಿದವನೊಬ್ಬ ಇದ್ದಾನಲ್ಲ! ದಿನಕ್ಕೆ ಹತ್ತು ಸಲ ಅವನಿಗೆ ಶಾಪ ಹಾಕುತ್ತಿದ್ದಳು.

"ಯಾವನವ್ನು ನನ್ ಕಂದನ್ನ ದಾರೀಲಿ ಮಾತಿಗೆ ಹಿಡಿದವ್ನು? ಅವನ ಕೈಗೆ ಹುಳ ಬೀಳ. ಅವನ ಮನೆ ಹಾಳಾಗ."

ಭೀಮರಾಜ್ ಪಕ್ಕದಲ್ಲೇ ಗೋಡೆಗೆ ಒರಗಿ ಕೇಳುತ್ತಿದ್ದ. ಬಾಯಿ ಬಿಟ್ಟರೆ ಹೆಂಡತಿ ಹೋಗುತ್ತಾಳೆ, ಬಿಡದಿದ್ದರೆ ಮಗಳ ಮಾನ ಹೋಗುತ್ತದೆ. ಹತ್ತು ದಿನ ಹಾಗೇ ಕಳೆದ.

ಹನ್ನೊಂದನೇ ದಿನ ನೆಂಟರೆಲ್ಲ ಸೇರಿದ್ದರು. ಕದಿರೇಶನೂ ಬಂದ. ಅಂದು ಭೀಮರಾಜ್ ಫೋನು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದವನು ಅವನು. ಮನೆಯ ಹಿಂದೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಭೀಮರಾಜನ ಕಾಲು ಹಿಡಿದುಕೊಂಡ.

"ಅಣ್ಣ, ನಾನು ಫೋನ್ ಇಟ್ಕೊಳ್ದೆ ಇದ್ದಿದ್ರೆ ಒಂದು ಗಂಟೆಗೇ ಆಗಿಹೋಗ್ತಿತ್ತು. ನಿನ್ನ ಮಗಳನ್ನ ನಾನೇ ಕೊಂದೆ ಅಣ್ಣ. ಅಕ್ಕನ ಮುಂದೆ ನಾನೇ ಹೇಳ್ತೀನಿ, ತಪ್ಪು ನಂದೇ ಅಂತ."

ಒಂದು ಗಳಿಗೆ ಭೀಮರಾಜನಿಗೆ ಆಸೆಯಾಯಿತು. ಹೊರೆ ಹೊರಲು ಒಬ್ಬ ತಾನಾಗಿಯೇ ಬಂದು ಬಗ್ಗಿ ನಿಂತಿದ್ದ. ಅವನ ಹೆಂಡತಿಗೆ ಅದೇ ವಾರ ಹೆಣ್ಣು ಮಗು ಹುಟ್ಟಿತ್ತು.

"ಏಳೋ ಮೇಲೆ" ಅಂದ. "ನಿಂದು ಆಗಲೇ ಬೈದು ಮುಗಿಸಿದೀನಿ. ಇದು ನಂದು."

ಅಂಗಳಕ್ಕೆ ಬಂದಾಗ ಗಂಗಾಲಕ್ಷ್ಮಿಯ ಅತ್ತಿಗೆ ಶಾಮಲಮ್ಮ ಎಲೆ ಹಾಸುತ್ತಾ ಯಾರಿಗೋ ಹೇಳುತ್ತಿದ್ದಳು, ತೆಲುಗು ಬೆರೆಸಿ. "ಎವರೋ ಏಮೋ, ಯಾರಂತ ದೇವರಿಗೇ ಗೊತ್ತು. ಒಳ್ಳೆ ಹುಡುಗೀನೇ. ಆದ್ರೆ ಈಗಿನ ಕಾಲದಲ್ಲಿ ಯಾರ ಹೊಟ್ಟೇಲಿ ಏನಿರುತ್ತೋ."

"ಶಾಮಲಕ್ಕ, ನಾನು" ಅಂದ ಭೀಮರಾಜ್.

ಶಾಮಲಮ್ಮ ಅರ್ಥವಾಗದೆ ನೋಡಿದಳು.

"ಫೋನ್ ಮಾಡಿದ್ದು ನಾನು. ಅವಳಪ್ಪ. ಬಂಡೆ ಸಿಡಿಸಿದ ಮೇಲೆ ಬದುಕಿದೀನಿ ಅಂತ ಹೇಳೋಕೆ. ದಿನಾ ಮಧ್ಯಾಹ್ನ ಮಾಡ್ತಿದ್ದೆ, ಅವತ್ತು ಸಂಜೆ ಮಾಡ್ದೆ. ಗಾಡಿ ಮೇಲೆ ಇರ್ತಾಳೆ ಅಂತ ಗೊತ್ತಿದ್ದೂ ಮಾಡ್ದೆ. ನನ್ ಮಗಳು ಬೇರೆ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ."

ಜೇಬಿನಿಂದ ಫೋನು ತೆಗೆದು ಹಿಡಿದ. ಮೇಘನ, ಐದೂ ನಲವತ್ತಾರು. ಯಾರೂ ಕೈಚಾಚಲಿಲ್ಲ. ಶಾಮಲಮ್ಮ ಎಲೆ ಕೆಳಗಿಟ್ಟು ಅಳತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಗಂಗಾಲಕ್ಷ್ಮಿ ಗಂಡನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಒಳಗೆ ಹೋದಳು.

ಆಕೆ ಶಾಪ ಹಾಕುವುದನ್ನು ನಿಲ್ಲಿಸಿದಳು. ಮಾತಾಡುವುದನ್ನೂ ನಿಲ್ಲಿಸಿದಳು. ಮುದ್ದೆ ತಟ್ಟೆಗೆ ಬೀಳುತ್ತಿತ್ತು, ಸಾರು ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ಒಮ್ಮೆ ಮಾತ್ರ, ಗೋಡೆಯ ಕಡೆ ತಿರುಗಿಕೊಂಡು ಕೇಳಿದಳು. "ಏನಂದ್ಲು?"

"ಈಗ ಉಸಿರು ಬಂತು ಅಂದ್ಲು."

ಗಂಗಾಲಕ್ಷ್ಮಿ ಬಾಯಿಗೆ ಸೆರಗು ತುರುಕಿಕೊಂಡಳು. ಅವನಿಗೆ ಅವಳ ಭುಜ ಮುಟ್ಟಲು ಧೈರ್ಯ ಬರಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಭೀಮರಾಜ್ ಕೆಲಸಕ್ಕೆ ಹೋದ. ಬೇರೆ ಕೆಲಸ ಅವನಿಗೆ ಬಾರದು. ಹೊರಡುವಾಗ ಹೇಳಿ ಹೋಗೋಣವೆಂದು ಬಾಗಿಲಲ್ಲಿ ನಿಂತ. ಆಕೆ ರಾಗಿ ಹಸನು ಮಾಡುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ಇವತ್ತಿಂದ ಕ್ವಾರಿಗೆ ಹೋಗ್ತೀನಿ ಎಂದು ಅಷ್ಟು ಹೇಳಿ ಹೊರಟ.

ಅಂದು ಒಂದು ಗಂಟೆಗೆ ಸರಿಯಾಗಿ ಬಂಡೆ ಸಿಡಿಯಿತು. ಎರಡು ಸೀಟಿ ಊದಿ ಪೆಟ್ಟಿಗೆ ತೆರೆದ. ಎಲ್ಲರೂ ತಮ್ಮ ತಮ್ಮ ಫೋನು ತೆಗೆದುಕೊಂಡು ಆಚೀಚೆ ಹೋದರು. ಕದಿರೇಶ ಹೆಂಡತಿಗೆ ಮೊದಲು ಕೇಳಿದ್ದು, "ಎಲ್ಲಿದೀಯ? ಗಾಡಿ ಮೇಲಿಲ್ಲ ತಾನೆ?" ಎಂದು. ಬಾಣಂತಿ ಗಾಡಿ ಮೇಲೆ ಎಲ್ಲಿರುತ್ತಾಳೆ, ಆದರೂ ಕೇಳಿದ. ಪೆಟ್ಟಿಗೆಯಲ್ಲಿ ಉಳಿದದ್ದು ಭೀಮರಾಜನ ಫೋನು ಒಂದೇ. ಅದನ್ನು ತೆಗೆದು ಯಾರಿಗೆ ಮಾಡಬೇಕು? ಮುಚ್ಚಳದ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಒರೆಸುತ್ತಾ ಹೊಂಗೆ ಮರದ ಬುಡದಲ್ಲಿ ಕೂತ.

ಗಂಟೆ ಬಡಿಯಿತು. ಅದೇ ದೇವಸ್ಥಾನದ ಗಂಟೆ. ನೋಡಿದರೆ ಗಂಗಾಲಕ್ಷ್ಮಿಯ ನಂಬರು. ಇಷ್ಟು ವರ್ಷದಲ್ಲಿ ಒಂದು ದಿನವೂ ಎರಡನ್ನು ಒತ್ತಿದವಳಲ್ಲ.

ಎತ್ತಿದ.

"ನಾನು ಮನೇಲೇ ಕೂತಿದೀನಿ" ಅಂದಳು ಗಂಗಾಲಕ್ಷ್ಮಿ. "ಹೇಳಿ. ಆಯ್ತಾ?"

ಆಯ್ತು ಅನ್ನಲು ಭೀಮರಾಜನಿಗೆ ಬಹಳ ಹೊತ್ತು ಹಿಡಿಯಿತು. ಆಕೆ ಇಡದೆ ಕಾದಳು. ಕೊನೆಗೂ ಅವನು ಅಂದ ಮೇಲೆ, ತಾನೂ ಅಳುತ್ತಾ ಹೇಳಿದಳು.

"ಸರಿ. ಉಂಡ್ಕೊಳ್ಳಿ."